ಹಸು ಬೆದೆಗೆ ಬಾರದಿರುವುದೇಕೆ? ಹೈಪೋಥಲಾಮಸ್‌ನ ನರಕೋಶಗಳ ಪಾತ್ರ

ಕರು ಹಾಕಿ ಮೂರು ತಿಂಗಳು ಕಳೆದರೂ ಹಸು ಬೆದೆಗೆ ಬಾರದಿದ್ದರೆ ರೈತಬಾಂಧವರು ಸಾಮಾನ್ಯವಾಗಿ ಗರ್ಭಕೋಶವನ್ನೇ ಸಂಶಯಿಸುತ್ತಾರೆ. ಅನೇಕ ವೇಳೆ ದೋಷವಿರುವುದು ಅಲ್ಲಲ್ಲ. ಬೆದೆಯ ಅಪ್ಪಣೆ ಹೊರಡುವುದು ತಲೆಯಿಂದ.

ಮಿದುಳಿನ ತಳದಲ್ಲಿ, ಪಿಟ್ಯುಟರಿ ಗ್ರಂಥಿಯ ಮೇಲ್ಭಾಗದಲ್ಲಿ, ಹೈಪೋಥಲಾಮಸ್ ಎಂಬ ಚಿಕ್ಕ ಭಾಗವಿದೆ. ಇಲ್ಲಿರುವ ಕೆಲವೇ ಸಾವಿರ ನರಕೋಶಗಳು ಜಿಎನ್‌ಆರ್‌ಎಚ್ ಎಂಬ ಚೋದಕವನ್ನು ಸ್ರವಿಸುತ್ತವೆ. ಹತ್ತು ಅಮೈನೋ ಆಮ್ಲಗಳ ಈ ಸಣ್ಣ ಸರಪಳಿಯ ರಚನೆಯನ್ನು 1971ರಲ್ಲಿ ಆಂಡ್ರ್ಯೂ ಶಾಲಿ ಮತ್ತು ರೋಜರ್ ಗಿಲ್ಲೆಮಿನ್ ಅವರ ತಂಡಗಳು ಹಂದಿ ಮತ್ತು ಕುರಿಗಳ ಮಿದುಳಿನಿಂದ ಕಂಡುಹಿಡಿದವು. 1977ರಲ್ಲಿ ಇಬ್ಬರೂ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಈ ಚೋದಕವು ಪಿಟ್ಯುಟರಿಯನ್ನು ತಲುಪಿದಾಗ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಬಿಡುಗಡೆಯಾಗಿ ಅಂಡಾಶಯದಲ್ಲಿ ಅಂಡಕೋಶಿಕೆ ಬೆಳೆಯುತ್ತದೆ.

ಇಲ್ಲಿ ಪ್ರಮಾಣಕ್ಕಿಂತ ಲಯ ಮುಖ್ಯ. ಜಿಎನ್‌ಆರ್‌ಎಚ್ ಸತತವಾಗಿ ಹರಿಯದೆ ಮಿಡಿತಗಳಾಗಿ ಹೊರಬರುತ್ತದೆ. ಮಂಗಗಳಲ್ಲಿ ಅರ್ನೆಸ್ಟ್ ನಾಬಿಲ್ ಅವರ ತಂಡವು ಇದನ್ನು 1978ರಲ್ಲಿ ತೋರಿಸಿತು: ಗಂಟೆಗೊಮ್ಮೆ ಕೊಟ್ಟಾಗ ಪಿಟ್ಯುಟರಿ ಕೆಲಸ ಮಾಡಿತು, ಎಡೆಬಿಡದೆ ಕೊಟ್ಟಾಗ ಸ್ತಬ್ಧವಾಯಿತು. ಹಸುವಿನಲ್ಲಿ ಪ್ರೊಜೆಸ್ಟರೋನ್ ಅಧಿಕವಿರುವ ದಿನಗಳಲ್ಲಿ ಮಿಡಿತ ಮೂರು-ನಾಲ್ಕು ಗಂಟೆಗೊಮ್ಮೆ. ಬೆದೆ ಸಮೀಪಿಸಿದಂತೆ ಸುಮಾರು ಗಂಟೆಗೊಂದು.

ಈ ತಾಳ ಹಿಡಿಯುವವು ಬೇರೆ ಕೋಶಗಳು. ಅವು ಸ್ರವಿಸುವ ವಸ್ತು ಕಿಸ್‌ಪೆಪ್ಟಿನ್. (ಅಮೆರಿಕದ ಹರ್ಷಿ ಎಂಬ ಚಾಕೊಲೇಟ್ ಪಟ್ಟಣದಲ್ಲಿ ಇದರ ವಂಶವಾಹಿ ಪತ್ತೆಯಾದುದರಿಂದ ಅಲ್ಲಿಯ ‘ಕಿಸಸ್’ ಮಿಠಾಯಿಯ ಹೆಸರು ಇದಕ್ಕೆ ಅಂಟಿಕೊಂಡಿತು.) ಜಿಎನ್‌ಆರ್‌ಎಚ್ ಕೋಶಗಳಿಗೆ ದೇಹದ ಸ್ಥಿತಿಗತಿ ಬಹುಪಾಲು ನೇರವಾಗಿ ತಿಳಿಯುವುದಿಲ್ಲ. ಮೈಯ ಕೊಬ್ಬಿನಿಂದ ಬರುವ ಲೆಪ್ಟಿನ್, ರಕ್ತದ ಇನ್ಸುಲಿನ್, ಅಂಡಾಶಯದ ಈಸ್ಟ್ರೋಜನ್ ಇವುಗಳ ವರ್ತಮಾನವನ್ನು ಕಿಸ್‌ಪೆಪ್ಟಿನ್ ಕೋಶಗಳೂ ಅವುಗಳ ನೆರೆಯ ಕೋಶಗಳೂ ಮುಟ್ಟಿಸುತ್ತವೆ.

ಮೇವಿನ ಬೆಳೆಗಳ ಅಧ್ಯಯನದಿಂದ ಈ ವಿಷಯಕ್ಕೆ ಬಂದ ನನಗೆ ಮಹತ್ವದ್ದೆನಿಸುವುದು ಇದೇ. ಕರು ಹಾಕಿದ ಮೊದಲ ವಾರಗಳಲ್ಲಿ ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸು ತಿನ್ನುವುದಕ್ಕಿಂತ ಅಧಿಕ ಶಕ್ತಿಯನ್ನು ಹಾಲಿನಲ್ಲಿ ಕಳೆಯುತ್ತದೆ. ಮೈ ಕರಗುತ್ತದೆ, ಲೆಪ್ಟಿನ್ ಮತ್ತು ಇನ್ಸುಲಿನ್ ಇಳಿಯುತ್ತವೆ, ಮಿಡಿತ ವಿರಳವಾಗುತ್ತದೆ. ಅಂಡಕೋಶಿಕೆ ಬೆಳೆದರೂ ಒಡೆಯುವುದಿಲ್ಲ. ಬರಿಯ ರಾಗಿ ಅಥವಾ ಭತ್ತದ ಹುಲ್ಲನ್ನೇ ನಂಬಿದ ಕೊಟ್ಟಿಗೆಗಳಲ್ಲಿ ಇದು ಸರ್ವೇಸಾಮಾನ್ಯ. ಕರು ಇಡೀ ದಿನ ತಾಯಿಯೊಡನಿದ್ದು ಮೊಲೆಯುಣ್ಣುವುದೂ ಮಿಡಿತವನ್ನು ತಗ್ಗಿಸುತ್ತದೆ. ಆದುದರಿಂದ ಹಾಲು ಕರೆಯುವ ವೇಳೆಯಲ್ಲಿ ಮಾತ್ರ ಕರುವನ್ನು ಬಿಡುವುದು ಲೇಸು.

ಹಾಗಾದರೆ ಜಿಎನ್‌ಆರ್‌ಎಚ್ ಚುಚ್ಚುಮದ್ದು? ಅದು ಪಿಟ್ಯುಟರಿಯನ್ನು ಒಮ್ಮೆ ತಟ್ಟಿ ಎಬ್ಬಿಸುತ್ತದೆ. ಕಳೆದುಹೋದ ಲಯವನ್ನು ಮರಳಿಸುವುದಿಲ್ಲ. ಮೊದಲ ದಿನ ಜಿಎನ್‌ಆರ್‌ಎಚ್, ಏಳು ದಿನಗಳ ನಂತರ ಪ್ರೊಸ್ಟಾಗ್ಲಾಂಡಿನ್, ಅದಾದ ಎರಡು ದಿನಕ್ಕೆ ಪುನಃ ಜಿಎನ್‌ಆರ್‌ಎಚ್, 16ರಿಂದ 20 ಗಂಟೆಗಳಲ್ಲಿ ಕೃತಕ ಗರ್ಭಧಾರಣೆ ಎಂಬ ಕ್ರಮ ಉಪಯುಕ್ತವೇ ಸರಿ. ಆದರೆ ಪಕ್ಕೆಲುಬು, ಸೊಂಟದ ಮೂಳೆಗಳು ಎದ್ದು ಕಾಣುವ ಹಸುವಿನ ಮೇಲೆ ಇದಕ್ಕೆ ಹಣ ವೆಚ್ಚ ಮಾಡುವುದು ನನ್ನ ದೃಷ್ಟಿಯಲ್ಲಿ ಸಮಂಜಸವಲ್ಲ. ಅದೇ ಹಣ ಹಿಂಡಿಗೆ, ಖನಿಜ ಮಿಶ್ರಣಕ್ಕೆ, ಒಂದೆರಡು ಗುಂಟೆ ಹೈಬ್ರಿಡ್ ನೇಪಿಯರ್ ಮತ್ತು ಅಲಸಂದೆಗೆ ಹೋಗಲಿ. ಪಶುವೈದ್ಯರಿಂದ ಗರ್ಭಪರೀಕ್ಷೆ ಮಾಡಿಸದೆ ಪ್ರೊಸ್ಟಾಗ್ಲಾಂಡಿನ್ ಕೊಡಿಸಲೇಬಾರದು. ಬೆದೆಗೆ ಬಾರದ ಹಸು ಗಬ್ಬವಾಗಿದ್ದರೆ ಗರ್ಭಪಾತವಾದೀತು.

ಪೋಷಣೆ ಸರಿಹೋದಾಗ ಬಲಿತ ಅಂಡಕೋಶಿಕೆಯ ಈಸ್ಟ್ರೋಜನ್ ಏರಿ, ಅಲ್ಲಿಯವರೆಗೆ ತಡೆಯಾಗಿದ್ದ ಅದೇ ಚೋದಕವು ಹೈಪೋಥಲಾಮಸ್‌ನ್ನು ಕೆರಳಿಸಿ ಎಲ್‌ಎಚ್‌ನ ಮಹಾಪೂರವನ್ನು ತರುತ್ತದೆ. ಬೆದೆಯ ಲಕ್ಷಣಗಳು ತೋರುವುದು ಆಗಲೇ. ಅಂಡ ಬಿಡುಗಡೆಯಾಗುವುದು ಬೆದೆ ಮುಗಿದ ಸುಮಾರು 10–12 ಗಂಟೆಗಳ ನಂತರ. ಮುಂಜಾನೆ ಬೆದೆ ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮರುದಿನ ಮುಂಜಾನೆ ಗರ್ಭಧಾರಣೆ ಮಾಡಿಸತಕ್ಕದ್ದು.