ಹತ್ತು ವರ್ಷ ಬಾಳಿದ ಬಂದೂಕು ಕಾಯಿದೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಟಾಕ್ಟನ್ ಪಟ್ಟಣದಲ್ಲಿ 1989ರ ಜನವರಿ 17ರಂದು ಶಾಲೆಯ ಅಂಗಳದಲ್ಲಿ ಆಡುತ್ತಿದ್ದ ಮಕ್ಕಳ ಮೇಲೆ ಒಬ್ಬಾತ ರೈಫಲ್‌ನಿಂದ ಗುಂಡಿನ ಮಳೆಗರೆದ. ಐವರು ಮಕ್ಕಳು ಸತ್ತರು. ಎಲ್ಲರೂ ಕಾಂಬೋಡಿಯ, ವಿಯೆಟ್ನಾಂಗಳಿಂದ ಬಂದ ಕುಟುಂಬಗಳವರು. ಯುದ್ಧಭೂಮಿಯನ್ನು ಬಿಟ್ಟು ಬಂದವರ ಮಕ್ಕಳನ್ನು ಯುದ್ಧಭೂಮಿಯ ಆಯುಧದ ಮಾದರಿಯೇ ಬಲಿ ತೆಗೆದುಕೊಂಡಿತು.

ಅದೇ ವರ್ಷ ಕ್ಯಾಲಿಫೋರ್ನಿಯಾ ಇಂತಹ ಬಂದೂಕುಗಳನ್ನು ನಿಷೇಧಿಸಿತು. ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆಗೆ ಅಧ್ಯಕ್ಷ ಕ್ಲಿಂಟನ್ 1994ರ ಸೆಪ್ಟೆಂಬರ್ 13ರಂದು ಸಹಿ ಹಾಕಿದರು. ಸೆನೆಟ್‌ನಲ್ಲಿ ಇದಕ್ಕಾಗಿ ಹೋರಾಡಿದವರು ಡಯಾನ್ ಫೈನ್‌ಸ್ಟೈನ್; 1978ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಪುರಭವನದಲ್ಲಿ ಗುಂಡೇಟಿಗೆ ಬಲಿಯಾದ ಸಹೋದ್ಯೋಗಿಯ ಶವವನ್ನು ಕಣ್ಣಾರೆ ಕಂಡಾಕೆ. ಪ್ರತಿನಿಧಿ ಸಭೆಯಲ್ಲಿ ನಿಷೇಧ ಗೆದ್ದದ್ದು 216–214ರಿಂದ, ಕೇವಲ ಎರಡು ಮತಗಳ ಅಂತರದಲ್ಲಿ.

ಕಾಯಿದೆ ಹೇಳಿದ್ದೇನು? 19 ಮಾದರಿಗಳನ್ನು ಅದು ಹೆಸರಿಸಿ ನಿಷೇಧಿಸಿತು. 10ಕ್ಕಿಂತ ಹೆಚ್ಚು ಗುಂಡು ಹಿಡಿಯುವ ಹೊಸ ಮ್ಯಾಗಜಿನ್‌ಗಳನ್ನು ತಡೆಯಿತು. ಕುದುರೆ ಎಳೆದಾಗಲೆಲ್ಲ ಒಂದು ಗುಂಡು ಹಾರಿಸಿ ಮುಂದಿನದನ್ನು ತಾನೇ ತುಂಬಿಕೊಳ್ಳುವ ಉಳಿದ ರೈಫಲ್‌ಗಳಿಗೆ ಲಕ್ಷಣಗಳ ಪಟ್ಟಿ ಮಾಡಿತು: ಮಡಚುವ ಹಿಂಬದಿ, ಪಿಸ್ತೂಲಿನಂಥ ಹಿಡಿ, ಬಯೊನೆಟ್ ಸಿಕ್ಕಿಸುವ ಕೊಂಡಿ ಇತ್ಯಾದಿ. ಕಳಚಿ ಜೋಡಿಸುವ ಮ್ಯಾಗಜಿನ್ ಜತೆ ಇವುಗಳಲ್ಲಿ ಎರಡಿದ್ದರೆ ನಿಷಿದ್ಧ. ತಯಾರಕರು ಕೊಂಡಿ ಕಿತ್ತುಹಾಕಿ ಹೆಚ್ಚುಕಡಿಮೆ ಅದೇ ಬಂದೂಕನ್ನು ಮಾರಿದರು. ಕಾಯಿದೆ ಚಾಪೆಯ ಕೆಳಗೆ ತೂರಿದರೆ ವ್ಯಾಪಾರ ರಂಗೋಲಿಯ ಕೆಳಗೆ ತೂರಿತು! ಜನರ ಬಳಿ ಮೊದಲೇ ಇದ್ದವನ್ನಂತೂ ಕಾಯಿದೆ ಮುಟ್ಟಲೇ ಇಲ್ಲ.

ಅಮೆರಿಕದಲ್ಲಿ ಗುಂಡಿನಿಂದಾಗುವ ಕೊಲೆಗಳಲ್ಲಿ ಹೆಚ್ಚಿನವು ನಡೆಯುವುದು ಕೈಬಂದೂಕಿನಿಂದ ಎಂಬ ವಿರೋಧಿಗಳ ಮಾತು ಸುಳ್ಳಲ್ಲ. ಆದರೆ ಸಾಮೂಹಿಕ ಹತ್ಯೆಯ ಲೆಕ್ಕವೇ ಬೇರೆ. ಅಲ್ಲಿ ಗುಂಡು ಮುಗಿದು ಮತ್ತೆ ತುಂಬುವ ಆ ಕೆಲವು ಕ್ಷಣಗಳೇ ಜೀವದಾನ. 2011ರಲ್ಲಿ ಟೂಸಾನ್‌ನಲ್ಲಿ 33 ಗುಂಡುಗಳ ಮ್ಯಾಗಜಿನ್ ಬರಿದಾದ ಮೇಲೆ, ಹಂತಕ ಇನ್ನೊಂದನ್ನು ತುಂಬಲು ಹೊರಟಾಗಲೇ ಸುತ್ತಲಿದ್ದವರು ಅವನನ್ನು ಕೆಡವಿದರು. ಅಷ್ಟರಲ್ಲಿ ಆರು ಮಂದಿ ಹತರಾಗಿದ್ದರು. ಮ್ಯಾಗಜಿನ್ ಹತ್ತು ಗುಂಡಿನದಾಗಿದ್ದರೆ ಆ ಅವಕಾಶ ಇನ್ನೂ ಬೇಗ ಒದಗುತ್ತಿತ್ತು.

ಹತ್ತು ವರ್ಷದ ಅವಧಿ ಕಾಯಿದೆಯಲ್ಲೇ ಬರೆದಿತ್ತು. 2004ರ ಸೆಪ್ಟೆಂಬರ್ 13ರಂದು ಅದು ನವೀಕರಣವಿಲ್ಲದೆ ಮುಗಿಯಿತು. ಸ್ಯಾಂಡಿ ಹುಕ್ ಶಾಲೆಯಲ್ಲಿ 2012ರಲ್ಲಿ 20 ಮಕ್ಕಳು ಸತ್ತ ಬಳಿಕ ಫೈನ್‌ಸ್ಟೈನ್ ಮತ್ತೆ ಮಸೂದೆ ತಂದರು. 2013ರಲ್ಲಿ ಸೆನೆಟ್ 60–40ರಿಂದ ತಳ್ಳಿಹಾಕಿತು. 2022ರಲ್ಲಿ ಪ್ರತಿನಿಧಿ ಸಭೆ ಒಪ್ಪಿದ ಮಸೂದೆಯೂ ಸೆನೆಟ್ ದಾಟಲಿಲ್ಲ. ಹಳೆಯ ಕಾಯಿದೆ ಕಲಿಸಿದ ಪಾಠ ಸರಳ: ಕಟ್ಟಿಹಾಕಬೇಕಾದದ್ದು ಬಂದೂಕಿನ ವೇಷವನ್ನಲ್ಲ, ಅದರ ಹೊಟ್ಟೆಯನ್ನು.