ಸಂಕ್ರಾಂತಿಯ ವಾರ, ಸೈನಿಕನ ಋಣ

ಸಂಕ್ರಾಂತಿ ಬಂತೆಂದರೆ ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನ ಸುತ್ತುಮುತ್ತ ಅದು ದನಗಳ ದಿನ. ಹೊತ್ತು ಏರುವ ಮೊದಲೇ ಎತ್ತು, ಹಸುಗಳನ್ನು ನೀರಿಗೆ ಹೊಡೆದುಕೊಂಡು ಹೋಗಿ ಮೈ ಉಜ್ಜಿ ತೊಳೆಯುತ್ತಾರೆ. ಕೊಂಬಿಗೆ ಬಣ್ಣ, ಹಣೆಗೆ ಅರಿಶಿನ, ಕೊರಳಿಗೆ ಹೂವು. ಸಂಜೆ ದಾರಿಗೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿ ಹಚ್ಚಿ ಕಿಚ್ಚು ಹಾಯಿಸುತ್ತಾರೆ. ಹೆದ್ದಾರಿಯ ಮಗ್ಗುಲಲ್ಲಿರುವ ಕೆಂಗಲ್ ಆಂಜನೇಯನ ಸನ್ನಿಧಿಯಲ್ಲಿ ದನಗಳ ಜಾತ್ರೆ ಸೇರುವುದೂ ಇದೇ ಕಾಲಕ್ಕೆ. ವರ್ಷವಿಡೀ ನೊಗ ಹೊತ್ತ ಎತ್ತನ್ನು ಅವತ್ತು ಯಾರೂ ಗದ್ದೆಗಿಳಿಸುವುದಿಲ್ಲ. ಅವತ್ತು ಅದು ಉಣ್ಣುವ ದಿನ, ಪೂಜೆಗೊಳ್ಳುವ ದಿನ. ನಮಗಾಗಿ ದುಡಿದವರ ಋಣವನ್ನು ಹಬ್ಬದ ದಿನ ದೇವರೆದುರು ಒಪ್ಪಿಕೊಳ್ಳುವ ರೂಢಿ ನಮ್ಮ ರೈತಾಪಿ ಮನೆಗಳಲ್ಲಿ ಬಹಳ ಹಳೆಯದು.

ಅದೇ ವಾರ, ಜನವರಿ 15ರಂದು, ಸೇನಾ ದಿನ. 1949ರ ಆ ದಿನ ಕೊಡಗಿನ ಕೆ.ಎಂ. ಕಾರ್ಯಪ್ಪ ಅವರು ಬ್ರಿಟಿಷ್ ಜನರಲ್ ರಾಯ್ ಬುಚರ್ ಅವರಿಂದ ಭಾರತದ ಭೂಸೇನೆಯ ಅಧಿಕಾರ ವಹಿಸಿಕೊಂಡರು. ನಮ್ಮವರೊಬ್ಬರು ಸೇನೆಯ ಮುಖ್ಯಸ್ಥರಾದದ್ದು ಅದೇ ಮೊದಲು. ಕೆಲವು ವರ್ಷ ಸಂಕ್ರಾಂತಿಯೇ 15ಕ್ಕೆ ಬೀಳುತ್ತದೆ. 2023ರಲ್ಲಿ ಸೇನಾ ದಿನದ ಪೆರೇಡು ಮೊದಲ ಬಾರಿಗೆ ದೆಹಲಿ ಬಿಟ್ಟು ಹೊರಗೆ ಬಂದಾಗ ಅದು ನಡೆದದ್ದು ನಮ್ಮ ಬೆಂಗಳೂರಿನಲ್ಲಿ, ಮದ್ರಾಸ್ ಎಂಜಿನಿಯರ್ ಗ್ರೂಪಿನ ಮೈದಾನದಲ್ಲಿ. ಆ ವಾರವೂ ಇತ್ತ ನಮ್ಮ ಹಳ್ಳಿಗಳಲ್ಲಿ ಎಳ್ಳು ಬೀರುವುದು, ಕಬ್ಬು ಹಂಚುವುದು ಎಂದಿನಂತೆ ನಡೆಯಿತು. ಎರಡೂ ಒಂದೇ ವಾರದಲ್ಲಿವೆ ಎಂಬುದು ಹೆಚ್ಚಿನವರ ಗಮನಕ್ಕೆ ಬರಲೇ ಇಲ್ಲ. ಸೈನಿಕನ ನೆನಪು ನಮ್ಮಲ್ಲಿ ಆಗಸ್ಟ್ 15ರ ಶಾಲೆಯ ಭಾಷಣಕ್ಕೆ ಸೇರಿಹೋಗಿದೆ. ಅಲ್ಲಿ ಎರಡು ಮಾತು, ಒಂದು ಚಪ್ಪಾಳೆ, ಆಮೇಲೆ ಮಿಠಾಯಿ.

ಹಿಂದೆ ನಮ್ಮ ಸೀಮೆಯಲ್ಲಿ ಇದು ಹೀಗಿರಲಿಲ್ಲ. ಹೇಗಿತ್ತು ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಪಕ್ಕದ ಮದ್ದೂರು ತಾಲ್ಲೂಕಿನ ಆತಗೂರಿನಲ್ಲಿ ಒಂದು ಕಲ್ಲು ಇತ್ತು. ಈಗ ಅದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇತಿಹಾಸದ ಪುಸ್ತಕಗಳಲ್ಲಿ ಅದಕ್ಕೆ ಆತಕೂರು ಶಾಸನ ಎಂದು ಹೆಸರು. ಕಾಲ ಶಕ 872, ಅಂದರೆ ಸುಮಾರು ಕ್ರಿ.ಶ. 950. ಕಲ್ಲಿನ ಮೇಲೆ ಒಂದು ನಾಯಿ, ಒಂದು ಹಂದಿ ಎದುರುಬದುರು ನಿಂತು ಕಾದಾಡುತ್ತಿವೆ. ಸುತ್ತಲೂ ಹಳಗನ್ನಡದ ಸಾಲುಗಳು.

ಆ ಸಾಲುಗಳು ಹೇಳುವ ಕಥೆ ಹೀಗಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರ ರಾಜಾದಿತ್ಯನ ಮೇಲೆ ದಂಡೆತ್ತಿ ಹೋದ. ತಕ್ಕೋಲದಲ್ಲಿ ಯುದ್ಧ ನಡೆಯಿತು. ಗಂಗರ ಬೂತುಗ ಕೃಷ್ಣನ ಪರ ನಿಂತು ರಾಜಾದಿತ್ಯನನ್ನು ಆನೆಯ ಮೇಲೆಯೇ ಇರಿದು ಕೊಂದ. ಬೂತುಗನ ಕಡೆಯಲ್ಲಿ ಮಣಲೆರ ಎಂಬ ವೀರನಿದ್ದ. ಅವನ ಕಾದಾಟಕ್ಕೆ ಮೆಚ್ಚಿ ಬೂತುಗ ಅವನಿಗೆ ಆತಕೂರು ಹನ್ನೆರಡು ಎಂಬ ಹಳ್ಳಿಗಳ ಗುಂಪನ್ನೂ ಬೆಳ್ವೊಲ ನಾಡಿನ ಒಂದು ಊರನ್ನೂ ಬಾಳ್ಗಳ್ಚಾಗಿ ಕೊಟ್ಟ. ಬಾಳ್ಗಳ್ಚು ಎಂದರೆ ಯುದ್ಧದಿಂದ ಮರಳಿದವನ ಕತ್ತಿಯನ್ನು ತೊಳೆದು ಕೊಡುವ ಭೂಮಿ. ಕೃಷ್ಣನೂ ಸಂತೋಷಪಟ್ಟು, ಬೇಕಾದ್ದು ಕೇಳು ಎಂದ. ಮಣಲೆರ ಹೊನ್ನು ಕೇಳಲಿಲ್ಲ, ನಾಡು ಕೇಳಲಿಲ್ಲ. ಅರಸನ ಬಳಿಯಿದ್ದ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಬೆಳತೂರಿನ ಗುಡ್ಡದ ಬಳಿ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಅದನ್ನು ಕೊಂದು ತಾನೂ ಸತ್ತಿತು. ಮಣಲೆರ ದೇವಸ್ಥಾನದ ಮುಂದೆ ಅದಕ್ಕಾಗಿ ಕಲ್ಲು ನೆಡಿಸಿದ.

ನನಗೆ ಇಲ್ಲಿ ಮುಖ್ಯವೆನಿಸುವುದು ಕಥೆಯ ಕೊನೆಯ ಭಾಗ, ಶಾಸನದ ಕರಾರು. ಮಣಲೆರ ಕಲ್ಲು ನೆಡಿಸಿ ಸುಮ್ಮನಾಗಲಿಲ್ಲ. ಆ ಕಲ್ಲಿಗಾಗಿ ಕೆರೆಯ ಕೆಳಗೆ ಎರಡು ಖಂಡುಗದ ಗದ್ದೆ ಬಿಟ್ಟ. ಆ ಗದ್ದೆಯ ತಂಟೆಗೆ ಹೋದವರು, ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ಅವನೂ, ಪಾಪ ಹೊರುತ್ತಾರೆ ಎಂದು ಬರೆಸಿದ. ಗೊರವ ಎಂದರೆ ಶೈವ ಪೂಜಾರಿ. ಅವನ ಊಟದ ತಟ್ಟೆಗೂ ಆ ಕಲ್ಲಿನ ಪೂಜೆಗೂ ಮಣಲೆರ ಗಂಟು ಹಾಕಿದ. ಕೃತಜ್ಞತೆ ಮನಸ್ಸಿಗೆ ಬಂದಾಗ ತೋರಿಸುವ ಭಾವ ಎಂದು ಅವನು ಬಿಡಲಿಲ್ಲ. ಯಾರು ಮಾಡಬೇಕು, ಯಾವ ಹೊತ್ತಿಗೆ ಮಾಡಬೇಕು, ಖರ್ಚು ಎಲ್ಲಿಂದ, ತಪ್ಪಿದರೆ ಏನು ಎಂಬುದೆಲ್ಲ ಕಲ್ಲಿನಲ್ಲೇ ಇದೆ. ಸಾವಿರ ವರ್ಷದ ಹಿಂದೆ ನಂಬಿಕೆ ಮಾಡಿದ ಕೆಲಸ ಇದು. ಅದು ದುಃಖಕ್ಕೆ ಸಮಾಧಾನ ಹೇಳಿತು, ಜೊತೆಗೆ ಮರೆವಿಗೂ ಕಡಿವಾಣ ಹಾಕಿತು.

ನಾಯಿಯ ಕಲ್ಲನ್ನು ಸೈನಿಕನ ಮಾತಿಗೆ ಏಕೆ ತಂದಿರಿ ಎಂದು ಕೇಳುವವರಿದ್ದಾರು. ಯುದ್ಧದಲ್ಲಿ ಗಳಿಸಿದ ಮೆಚ್ಚುಗೆಯ ಗುರುತಾಗಿ ಆ ನಾಯಿ ಬಂದದ್ದು. ಇವತ್ತಿಗೂ ಸೇನೆಗೆ ಮನುಷ್ಯ, ನಾಯಿ ಎಂಬ ಭೇದವಿಲ್ಲ. 2022ರ ಅಕ್ಟೋಬರಿನಲ್ಲಿ ಕಾಶ್ಮೀರದ ಅನಂತನಾಗದಲ್ಲಿ ಭಯೋತ್ಪಾದಕರ ಗುಂಡಿಗೆ ಗಾಯಗೊಂಡು ಸತ್ತ ಜೂಮ್ ಎಂಬ ಸೇನೆಯ ನಾಯಿಗೆ ಅಧಿಕಾರಿಗಳು ಹೂಗುಚ್ಛವಿಟ್ಟು ಸೆಲ್ಯೂಟ್ ಹೊಡೆದರು.

ಮನುಷ್ಯರ ವೀರಗಲ್ಲುಗಳಂತೂ ಹಳೇ ಮೈಸೂರಿನ ಊರೂರಿಗೆ ಇವೆ. ಮೂರು ಅಂತಸ್ತಿನ ಒಂದು ಕಲ್ಲನ್ನು ಹತ್ತಿರ ನಿಂತು ನೋಡಿ. ಕೆಳಗೆ ಕಾಳಗ: ಬಿಲ್ಲು, ಕತ್ತಿ, ಕಾಲಡಿಯಲ್ಲಿ ಬಿದ್ದವರು. ನಡುವೆ ಅಪ್ಸರೆಯರು ವೀರನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲೆ ಲಿಂಗ, ನಂದಿ, ಪೂಜಾರಿ. ಅವರ ಪಕ್ಕದಲ್ಲಿ ಅದೇ ವೀರ ಕೈಮುಗಿದು ಕೂತಿದ್ದಾನೆ. ಓದು ಬಾರದ ತಾಯಿಗೂ ಮಗ ಎಲ್ಲಿದ್ದಾನೆಂದು ತೋರಿಸಿಕೊಡುವ ಚಿತ್ರ ಇದು. ಕಲ್ಲಿನ ಜೊತೆಗೆ ಮನೆಯವರಿಗೆ ನೆತ್ತರುಗೊಡಗೆಯ, ಅಂದರೆ ಅವನು ಸುರಿಸಿದ ನೆತ್ತರಿಗಾಗಿ ಕೊಟ್ಟ, ಹೊಲ. ಬೆಂಗಳೂರು ಎಂಬ ಹೆಸರು ಮೊದಲು ಸಿಗುವುದು ಕೂಡ ಬೇಗೂರಿನ ನಾಗೇಶ್ವರ ದೇವಸ್ಥಾನದ, ಸುಮಾರು ಕ್ರಿ.ಶ. 890ರ ಇಂಥದೊಂದು ಕಲ್ಲಿನಲ್ಲಿ. ಬೆಂಗಳೂರಿನ ಕಾಳಗದಲ್ಲಿ ಸತ್ತವನ ನೆನಪು ಅದು. ರಾಜಧಾನಿಯ ಹೆಸರನ್ನು ಉಳಿಸಿಕೊಟ್ಟವನು ಒಬ್ಬ ಸಾಮಾನ್ಯ ಯೋಧ ಎಂದು ನೆನೆದರೆ ನನಗೆ ಈಗಲೂ ಮೈ ನವಿರೇಳುತ್ತದೆ. ಹಾಗಿದ್ದೂ ಎಷ್ಟೋ ಊರುಗಳಲ್ಲಿ ವೀರಗಲ್ಲು ಚರಂಡಿಯ ಚಪ್ಪಡಿಯಾಗಿದೆ, ಬಟ್ಟೆ ಒಗೆಯುವ ಕಲ್ಲಾಗಿದೆ. ಇದು ನೋವಿನ ಸಂಗತಿ, ನಮ್ಮ ಕೈಯಲ್ಲೇ ಸರಿಹೋಗಬಹುದಾದ ಸಂಗತಿ.

ಇನ್ನು ಸೈನಿಕನ ಸ್ವಂತ ನಂಬಿಕೆ. ರಜೆ ಮುಗಿಸಿ ಹೊರಡುವ ಹುಡುಗನ ಮನೆಯನ್ನು ನೋಡಿದವರಿಗೆ ಇದು ಗೊತ್ತು. ಟ್ರಂಕಿನಲ್ಲಿ ರಾಗಿಹಿಟ್ಟು, ಹುರಿಗಾಳು, ಕೊಬ್ಬರಿ ಮಿಠಾಯಿಯ ಜೊತೆಗೆ ಅವ್ವ ಕೆಂಗಲ್ ಆಂಜನೇಯನ ಕುಂಕುಮವನ್ನೋ ಕಬ್ಬಾಳಮ್ಮನ ಭಂಡಾರವನ್ನೋ ಕಾಗದದಲ್ಲಿ ಮಡಚಿ ಇಡುತ್ತಾಳೆ. ಮುಂದಿನ ರಜೆಗೆ ಕ್ಷೇಮವಾಗಿ ಬಂದರೆ ಕನಕಪುರದ ಕಡೆಯ ಕಬ್ಬಾಳಿಗೆ ಹೋಗಿ ಹರಕೆ ತೀರಿಸುವುದೆಂದು ಆಗಲೇ ಮಾತು. ಚನ್ನಪಟ್ಟಣದ ಮುಸ್ಲಿಂ ಮನೆಯಾದರೆ ಇಮಾಮ್ ಜಾಮಿನ್: ಒಂದು ನಾಣ್ಯವನ್ನು ಬಟ್ಟೆಯಲ್ಲಿ ಹೊಲಿದು ಬಲತೋಳಿಗೆ ಕಟ್ಟುತ್ತಾರೆ, ಸೇರಬೇಕಾದ ಊರು ಸೇರಿದ ಮೇಲೆ ಆ ದುಡ್ಡು ಬಡವರಿಗೆ ದಾನ. ಕನಕಪುರ ತಾಲ್ಲೂಕಿನ ಹಾರೋಬೆಲೆಯಂಥ ಕ್ರೈಸ್ತರ ಊರಿನಲ್ಲಿ ಜಪಸರ. ಯಾವ ಮನೆಯಾದರೂ ಬಾಗಿಲಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಒಂದೇ.

“ಅಲ್ಲಿ ಗುಡಿ ಐತೇನ್ಲಾ ಮಗ?”

“ಐತೆ ಕಣವ್ವ. ಎಲ್ಲಾರ್ದೂ ಒಂದೇ ತಾವು ಐತೆ.”

ಆ ಉತ್ತರ ತಾಯಿಯ ಸಮಾಧಾನಕ್ಕೆ ಹೇಳಿದ ಸುಳ್ಳಲ್ಲ. ಸೇನೆಯ ಬಹಳ ಕಡೆ ಸರ್ವಧರ್ಮ ಸ್ಥಳ ಎಂದೇ ಇರುತ್ತದೆ. ಗುಡಿ, ಮಸೀದಿ, ಗುರುದ್ವಾರ, ಚರ್ಚು ಎಲ್ಲವೂ ಒಂದೇ ಸೂರಿನಡಿ. ಪಂಡಿತ, ಮೌಲವಿ, ಗ್ರಂಥಿ, ಪಾದ್ರಿ ಇವರನ್ನು ಸೇನೆಯೇ ಧರ್ಮಬೋಧಕರೆಂದು ನೇಮಿಸಿಕೊಂಡು ಜೂನಿಯರ್ ಕಮಿಷನ್ಡ್ ಅಧಿಕಾರಿಯ ದರ್ಜೆ ಕೊಡುತ್ತದೆ. ಅಧಿಕಾರಿಯಾದವನು ತನ್ನ ಧರ್ಮ ಯಾವುದೇ ಇರಲಿ, ತನ್ನ ಜವಾನರ ದೇವರ ಮುಂದೆ ಅವರ ಜೊತೆ ನಿಲ್ಲುತ್ತಾನೆ. ಸಿಯಾಚಿನ್ ಹಿಮನದಿಯ ತಳದ ಶಿಬಿರದಲ್ಲಿ ಓಪಿ ಬಾಬಾ ಎಂಬ ಗುಡಿಯಿದೆ. ಮೇಲಿನ ಚೌಕಿಗೆ ಹೋಗುವ ತಂಡ ಅಲ್ಲಿ ಬಂದು ಹೊರಡುತ್ತಿದ್ದೇವೆಂದು ವರದಿ ಒಪ್ಪಿಸುತ್ತದೆ, ಇಳಿದು ಬಂದಮೇಲೆ ಮತ್ತೆ ವರದಿ. ಬಾಬಾ ಒಬ್ಬ ಸೈನಿಕ, ಹಿಮದಲ್ಲಿ ಕಾವಲಿದ್ದವನು ಎಂಬುದು ಅಲ್ಲಿನ ನಂಬಿಕೆ. ಸತ್ತ ಯೋಧ ದೇವರಾಗಿ ಬದುಕಿರುವವರನ್ನು ಕಾಯುವುದು ನಮ್ಮ ವೀರಗಲ್ಲಿನ ಸೀಮೆಯವರಿಗೆ ಹೊಸದೇನೂ ಅಲ್ಲ.

ಆ ಸಿಯಾಚಿನ್ನಿನ ಹೆಸರು ಕರ್ನಾಟಕದ ಮನೆಮನೆಗೆ ಬಂದದ್ದು 2016ರ ಫೆಬ್ರುವರಿಯಲ್ಲಿ. 3ನೆಯ ತಾರೀಖು ಸುಮಾರು 19,600 ಅಡಿ ಎತ್ತರದ ಸೋನಮ್ ಚೌಕಿಯ ಮೇಲೆ ಹಿಮ ಕುಸಿದು 19ನೆಯ ಮದ್ರಾಸ್ ಬೆಟಾಲಿಯನ್ನಿನ 10 ಮಂದಿ ಹೂತುಹೋದರು. 8ರಂದು ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಸಿಕ್ಕರು. ಮುಂದಿನ ಮೂರು ದಿನ ಅಭಿಷೇಕ, ಹೋಮ, ನಮಾಜು, ಚರ್ಚಿನ ಪ್ರಾರ್ಥನೆ, ಮಕ್ಕಳ ಮೊಂಬತ್ತಿ ಏನೆಲ್ಲ ನಡೆಯಿತೆಂದು ನೆನಪಿರುವವರಿಗೆ ಗೊತ್ತು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಅಷ್ಟು ಜನರ ಮೊರೆ ದೇವರಿಗೆ ಕೇಳಿಸಲಿಲ್ಲವೆ ಎಂದು ಆಗ ಕೆಲವರು ಕೇಳಿದರು. ನಾನು ಆ ಮೂರು ದಿನಗಳನ್ನು ಬೇರೆ ಬಗೆಯಲ್ಲಿ ಕಾಣುತ್ತೇನೆ. ಗುರುತಿಲ್ಲದ ಒಬ್ಬ ಸೈನಿಕನ ಹೆಸರಿನಲ್ಲಿ ಜನ ತಮ್ಮ ತಮ್ಮ ದೇವರೆದುರು ನಿಂತರು. ಭಾಷಣ ಕೇಳಿ ಯಾರೂ ಹಾಗೆ ನಿಲ್ಲುವುದಿಲ್ಲ.

ಆದರೆ ಆ ಹಿಮದಡಿ ಇನ್ನೂ ಇಬ್ಬರು ನಮ್ಮವರಿದ್ದರು: ಹಾಸನದ ತೇಜೂರಿನ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆಯ ಸಿಪಾಯಿ ಮಹೇಶ. ಆ ಎರಡು ಹೆಸರು ಎಷ್ಟು ಜನರ ನಾಲಗೆಯ ಮೇಲಿವೆ? ಸುದ್ದಿಯ ಬಿಸಿಯಲ್ಲಿ ಹುಟ್ಟಿದ ಕೃತಜ್ಞತೆ ಒಬ್ಬರನ್ನು ಹಿಡಿದು ಉಳಿದವರನ್ನು ಬಿಡುತ್ತದೆ. 2019ರ ಫೆಬ್ರುವರಿ 14ರ ಪುಲ್ವಾಮ ದಾಳಿಯಲ್ಲಿ ಮಡಿದ ಸಿಆರ್‌ಪಿಎಫ್ ಯೋಧ ಎಚ್. ಗುರು ಪಕ್ಕದ ಮದ್ದೂರು ತಾಲ್ಲೂಕಿನ ಗುಡಿಗೆರೆಯವರು. ಅವರ ಪಾರ್ಥಿವ ಶರೀರ ಬೆಂಗಳೂರಿನಿಂದ ಮಂಡ್ಯದ ಕಡೆಗೆ ಬಂದಾಗ ಹೆದ್ದಾರಿಯ ಎರಡೂ ಬದಿ ಜನ ಹೂವು ಹಿಡಿದು ಕಾದಿದ್ದರು. ಆ ಜನರ ಕಣ್ಣೀರು ಸುಳ್ಳಲ್ಲ. ಆ ಕಣ್ಣೀರಿಗೆ ವರ್ಷಾವಧಿಯ ಒಂದು ದಿನ, ಒಂದು ಜಾಗ, ಹೊಣೆ ಹೊರುವ ಒಬ್ಬ ಮನುಷ್ಯ ಸಿಗಲಿಲ್ಲವಲ್ಲ ಎಂಬುದೇ ನನ್ನ ಕೊರಗು.

ದಿನಗಳಿಗೇನೂ ಬರವಿಲ್ಲ. ಕೊಡಗಿನವರನ್ನು ನೋಡಿ. ಸೆಪ್ಟೆಂಬರ್ 3ರ ಕೈಲ್ ಪೊಳ್ದ್‌ನಲ್ಲಿ ಮನೆಯ ಕೋವಿ, ಕತ್ತಿಗಳನ್ನು ತೊಳೆದು, ತೋಕ್ ಪೂ ಎಂಬ ಹೂವು ಸಿಕ್ಕಿಸಿ, ಗುರು-ಕಾರಣರನ್ನು, ಅಂದರೆ ಮನೆತನದ ಹಿರಿಯರನ್ನು, ನೆನೆದು ಪೂಜೆ ಮಾಡುತ್ತಾರೆ. ಕಾರ್ಯಪ್ಪ, ಜನರಲ್ ತಿಮ್ಮಯ್ಯ ಬಂದದ್ದು ಅಂಥ ಮನೆಗಳಿಂದ. ನಮ್ಮ ಬಯಲುಸೀಮೆಯಲ್ಲೂ ಮಾರ್ನಮಿ ಇದೆ. ಪಿತೃಪಕ್ಷದಲ್ಲಿ ಹಿರಿಯರಿಗೆ ಹೊಸ ಬಟ್ಟೆಯಿಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಹಾಕಿ ಧೂಪ ಹಿಡಿಯುತ್ತೇವೆ. ಮೊದಲ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆ ದಳ ಜೋಧಪುರದವರ ಜೊತೆ ಸೇರಿ ಹೈಫಾ ಪಟ್ಟಣವನ್ನು ಬಿಡಿಸಿದ್ದು 1918ರ ಸೆಪ್ಟೆಂಬರ್ 23ರಂದು. ಎಷ್ಟೋ ವರ್ಷ ಆ ತಾರೀಖು ಪಕ್ಷದ ದಿನಗಳಲ್ಲೇ ಬರುತ್ತದೆ. ಎಲ್ಲೋ ದೂರದ ಮರಳಿನಲ್ಲಿ ಬಿದ್ದ ಆ ಮೈಸೂರು ಸೀಮೆಯ ಸವಾರರಿಗೆ ನಮ್ಮ ಎಡೆಯಲ್ಲಿ ಒಂದು ತುತ್ತು ಸಲ್ಲಬಾರದೇಕೆ? ಆಯುಧ ಪೂಜೆಯ ದಿನ ಚನ್ನಪಟ್ಟಣದ ಬೊಂಬೆ ಕೆಲಸದವರು ಉಳಿಗೂ ಲೇತಿಗೂ ಹೂವಿಡುತ್ತಾರೆ, ರಾಮನಗರದ ರೇಷ್ಮೆ ಬಿಚ್ಚಾಣಿಕೆಯವರು ರಾಟೆಗೆ ಅರಿಶಿನ ಹಚ್ಚುತ್ತಾರೆ, ಬಸ್ಸಿನ ಚಕ್ರದಡಿ ನಿಂಬೆಹಣ್ಣು. ನಿಜವಾದ ಆಯುಧ ಹಿಡಿದು ಗಡಿಯಲ್ಲಿ ನಿಂತವನ ಹೆಸರಿಗೆ ಒಂದು ಅರ್ಚನೆ ಆ ದಿನದ ಪಟ್ಟಿಯಲ್ಲಿ ಸೇರಿದರೆ ಯಾವ ಶಾಸ್ತ್ರವೂ ಅಡ್ಡ ಬರುವುದಿಲ್ಲ.

ನಾನು ಕೇಳುವುದು ಬದುಕಿರುವವರಿಗಾಗಿ ಕೂಡ. ಹುತಾತ್ಮರಾದರೆ ಮಾತ್ರ ಹಾರ ಎಂಬಂತಾಗಬಾರದು. ಈಚೆಗೆ ಹಳ್ಳಿಗಳಲ್ಲಿ ನಿವೃತ್ತರಾಗಿ ಬಂದ ಯೋಧರನ್ನು ತೆರೆದ ಜೀಪಿನಲ್ಲಿ ಕೂರಿಸಿ, ತಮಟೆ ಬಡಿದು, ಮೊದಲು ಗ್ರಾಮದೇವತೆಯ ಗುಡಿಗೆ, ಆಮೇಲೆ ಮನೆಗೆ ಕರೆತರುವುದು ಕಾಣುತ್ತಿದೆ. ಒಳ್ಳೆಯದು. ಮೆರವಣಿಗೆ ಮುಗಿದ ಮರುದಿನದಿಂದ ಅದೇ ಮನುಷ್ಯ ಪಿಂಚಣಿ ಕಾಗದಕ್ಕೆ, ಜಮೀನಿನ ಅರ್ಜಿಗೆ ಕಚೇರಿಯ ಮೆಟ್ಟಿಲು ಹತ್ತಿಳಿಯುವಾಗ ಜೊತೆಗೆ ಒಬ್ಬರಾದರೂ ಇರಬೇಕು. ಬಾಳ್ಗಳ್ಚು ಕೊಟ್ಟವರು ಹಾರದ ಜೊತೆಗೆ ಅನ್ನದ ದಾರಿಯನ್ನೂ ನೋಡಿದ್ದರು. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನ 1949ರಿಂದ ನಡೆದು ಬಂದಿದೆ. ಆ ದಿನದ ಪುಟ್ಟ ಬಾವುಟಕ್ಕೆ ಕೊಡುವ ಹಣ ಯೋಧರ ಕುಟುಂಬಗಳಿಗೆ ಹೋಗುತ್ತದೆ. ಶಾಲೆಯ ಮಕ್ಕಳು ಅದನ್ನು ಅಂಗಿಗೆ ಚುಚ್ಚಿಕೊಂಡು ಬಂದರೆ ಮನೆಯವರು ಇದೇನೆಂದು ಕೇಳಿ ತಿಳಿದುಕೊಳ್ಳಲಿ.

ಅಕ್ಕೂರಿನಂಥ ಊರಿನಲ್ಲಿ ಇದನ್ನು ಶುರು ಮಾಡಲು ದೊಡ್ಡ ಸಮಿತಿ ಬೇಡ. ಸುತ್ತಿನ ಹಳ್ಳಿಗಳಿಂದ ಸೇನೆಗೆ, ಅರೆಸೇನಾ ಪಡೆಗೆ ಹೋದವರ, ಬಂದವರ, ಬಾರದವರ ಹೆಸರಿನ ಪಟ್ಟಿಯೊಂದನ್ನು ಪಂಚಾಯಿತಿ ಬರೆಸಬೇಕು. ಆ ಪಟ್ಟಿಯನ್ನು ಸಂಕ್ರಾಂತಿಯ ವಾರ ಗುಡಿಯಲ್ಲಿ ಅರ್ಚನೆಗೆ, ಶುಕ್ರವಾರದ ನಮಾಜಿನ ದುವಾಕ್ಕೆ, ಭಾನುವಾರದ ಪೂಜೆಯ ಪ್ರಾರ್ಥನೆಗೆ ಕೊಡಬೇಕು. ಪ್ರತಿವರ್ಷ ಅದನ್ನು ಓದಿಸುವ ಹೊಣೆಯನ್ನು ಹೆಸರು ಹಿಡಿದು ಒಬ್ಬರಿಗೆ ವಹಿಸಬೇಕು: ಶಾಲೆಯ ಮೇಷ್ಟ್ರಿಗೋ, ಹಾಲಿನ ಡೇರಿಯ ಕಾರ್ಯದರ್ಶಿಗೋ, ಗುಡಿಯ ಪೂಜಾರಿಗೋ. ಈ ಸಲ ಕಿಚ್ಚು ಹಾಯಿಸಲು ಹುಲ್ಲು ಹೊಂದಿಸುವ ಹುಡುಗರೇ ಮನೆಮನೆಗೆ ಹೋಗಿ ಹೆಸರು ಬರೆದುಕೊಳ್ಳಬಹುದು. ಯಾವ ಮನೆಯಿಂದ ಯಾರು ಹೋದರೆಂಬುದನ್ನು ಊರಿನ ಮುದುಕಿಯರು ಒಂದೂ ಬಿಡದೆ ಹೇಳುತ್ತಾರೆ.