ನಲವತ್ತು ಪರಮಾಣುಗಳ ಸಾಲಲ್ಲಿ ಒಂದು ದೆವ್ವ

ನಾವು ಮೂರು ಜನ, ಮೆಕ್ಯಾನಿಕಲ್ ಎರಡನೇ ವರ್ಷ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪುಸ್ತಕದಲ್ಲಿ ತಾಮ್ರದ ಸರಳು ಅಂದ್ರೆ ಎಲ್ಲೂ ಸಂದಿಲ್ಲದ ಒಂದೇ ಮುದ್ದೆ. ಎಷ್ಟು ಸಣ್ಣಗೆ ಕತ್ತರಿಸಿದರೂ ಆ ಚೂರಿಗೂ ಸ್ಟ್ರೆಸ್ ಇರುತ್ತೆ, ಸ್ಟ್ರೇನ್ ಇರುತ್ತೆ. ಇದನ್ನೇ ಕಂಟಿನ್ಯುಅಮ್ ಅಂತಾರೆ. ಒಂದು ಗಂಟೆ ಬಿಟ್ಟು ಮೆಟೀರಿಯಲ್ ಸೈನ್ಸ್ ಕ್ಲಾಸಿಗೆ ಹೋದ್ರೆ ಅದೇ ತಾಮ್ರ ಪರಮಾಣುಗಳ ಸಾಲು ಸಾಲು, ಮಧ್ಯೆ ಬರೀ ಖಾಲಿ ಜಾಗ. ಎರಡೂ ಸರಿ ಅಂತ ಇಬ್ಬರು ಮೇಷ್ಟ್ರೂ ಹೇಳ್ತಾರೆ. ಹಾಗಾದ್ರೆ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತೆ ಅನ್ನೋದನ್ನೇ ನಾವು ಮಿನಿ ಪ್ರಾಜೆಕ್ಟ್ ಮಾಡಿಕೊಂಡ್ವಿ. ಆಮೇಲೆ ಅನುಭವಿಸಿದ್ವಿ ಕೂಡ.

ಮೊದಲು, ಕಂಟಿನ್ಯುಅಮ್ ಎಲ್ಲಿ ಕೈ ಕೊಡುತ್ತೆ ನೋಡೋಣ. ಒಂದು ಅಗಲವಾದ ತಗಡಿನಲ್ಲಿ ದುಂಡಗಿನ ತೂತು ಮಾಡಿ ಎಳೆದ್ರೆ ತೂತಿನ ಅಂಚಿನಲ್ಲಿ ಸ್ಟ್ರೆಸ್ ಮೂರು ಪಟ್ಟಾಗುತ್ತೆ. 1913ರಲ್ಲಿ ಇಂಗ್ಲಿಸ್ ಅನ್ನುವವರು ಮೊಟ್ಟೆಯಾಕಾರದ ತೂತಿಗೆ ಲೆಕ್ಕ ಹಾಕಿದರು. ಎಳೆಯುವ ದಿಕ್ಕಿಗೆ ಅಡ್ಡಲಾಗಿ ತೂತು ಉದ್ದವಾಗಿ, ಚಪ್ಪಟೆಯಾಗಿ ಹೋದ ಹಾಗೆ ತುದಿಯ ಸ್ಟ್ರೆಸ್ ಏರುತ್ತಲೇ ಹೋಗುತ್ತೆ. ಪೂರ್ತಿ ಚಪ್ಪಟೆ ಮಾಡಿದ್ರೆ, ಅಂದ್ರೆ ಬಿರುಕು ಮಾಡಿದ್ರೆ, ಉತ್ತರ ಅನಂತ. ಹಾಗಂತ ನಂಬಿದ್ರೆ ಸಣ್ಣ ಬಿರುಕಿರೋ ಯಾವ ವಸ್ತುವನ್ನೂ ಮುಟ್ಟೋ ಹಾಗಿಲ್ಲ, ಮುಟ್ಟಿದ ಕೂಡಲೇ ಎರಡು ಹೋಳಾಗಬೇಕು. ನಮ್ಮ ಹಾಸ್ಟೆಲಿನ ಕಿಟಕಿ ಗಾಜು ಬಿರುಕು ಬಿಟ್ಟು ಒಂದು ವರ್ಷ ಆಯ್ತು, ಇನ್ನೂ ನಿಂತಿದೆ.

ಗ್ರಿಫಿತ್ ಇದಕ್ಕೊಂದು ದಾರಿ ಹುಡುಕಿದರು. 1921ರಲ್ಲಿ ಪ್ರಕಟವಾದ ಲೇಖನದಲ್ಲಿ ಸ್ಟ್ರೆಸ್ ಬಿಟ್ಟು ಎನರ್ಜಿಯ ಜಮಾ-ಖರ್ಚು ನೋಡಿದರು. ಬಿರುಕು ಬೆಳೆದಾಗ ಬಿಡುಗಡೆಯಾಗೋ ಎನರ್ಜಿ, ಹೊಸ ಮೇಲ್ಮೈ ಮಾಡೋದಕ್ಕೆ ಬೇಕಾಗೋ ಎನರ್ಜಿಗಿಂತ ಹೆಚ್ಚಿದ್ರೆ ಮಾತ್ರ ಬಿರುಕು ಬೆಳೆಯುತ್ತೆ. ಇವತ್ತಿಗೂ ಫ್ರ್ಯಾಕ್ಚರ್ ಮೆಕ್ಯಾನಿಕ್ಸ್ ಶುರುವಾಗೋದೇ ಇಲ್ಲಿಂದ. ಆದ್ರೆ ಬಿರುಕಿನ ತುದಿಯಲ್ಲಿ ನಿಜವಾಗಿ ಏನು ನಡೀತಿದೆ, ಯಾವ ಬಾಂಡ್ ಮೊದಲು ಕಿತ್ತು ಹೋಯ್ತು, ಬಿರುಕು ಮುಂದೆ ಹೋಯ್ತಾ ಇಲ್ಲಾ ಪರಮಾಣುಗಳ ಸಾಲು ಒಂದರ ಮೇಲೊಂದು ಜಾರಿ ತುದಿ ಮೊಂಡಾಯ್ತಾ ಅಂತ ಜಮಾ-ಖರ್ಚಿನ ಪುಸ್ತಕ ಹೇಳಲ್ಲ. ಅದಕ್ಕೆ ಪರಮಾಣುಗಳನ್ನೇ ಕೇಳಬೇಕು.

ಸರಿ, ಎಲ್ಲವನ್ನೂ ಪರಮಾಣು ಅಂತಲೇ ಸಿಮ್ಯುಲೇಟ್ ಮಾಡಿಬಿಡೋಣ ಅಂದ್ರೆ? ಒಂದು ಘನ ಮಿಲಿಮೀಟರ್ ತಾಮ್ರದಲ್ಲಿ ಸುಮಾರು 8.5 ಲಕ್ಷ ಕೋಟಿ ಕೋಟಿ ಪರಮಾಣುಗಳಿವೆ. ಒಂದೊಂದಕ್ಕೂ ಸ್ಥಾನ, ವೇಗ ಅಂತ ಆರು ಸಂಖ್ಯೆ, ಸಂಖ್ಯೆಗೆ 8 ಬೈಟ್. ಒಂದೇ ಒಂದು ಕ್ಷಣದ ಚಿತ್ರ ಇಟ್ಟುಕೊಳ್ಳೋಕೆ 1 ಟಿಬಿಯ 400 ಕೋಟಿ ಹಾರ್ಡ್ ಡಿಸ್ಕ್ ಬೇಕು. ಸಮಯದ ಕಥೆ ಇನ್ನೂ ಕಷ್ಟ. ಪರಮಾಣುಗಳ ನಡುಗಾಟ ಹಿಡಿಯಬೇಕಂದ್ರೆ ಒಂದೊಂದು ಸ್ಟೆಪ್ ಸುಮಾರು 1 ಫೆಮ್ಟೋಸೆಕೆಂಡ್ ಇರಬೇಕು. ಸ್ಟೆಪ್ಪಿಗೆ 1 ಮಿಲಿಸೆಕೆಂಡ್‌ನಲ್ಲಿ ಓಡಿಸಿದರೂ ಒಂದು ಸೆಕೆಂಡಿನ ಘಟನೆಗೆ 31,000 ವರ್ಷ ದಾಟುತ್ತೆ. ನಮ್ಮ ರಿವ್ಯೂ ಇದ್ದಿದ್ದು ಸೋಮವಾರ.

ಇಲ್ಲೇ ಎರಡನ್ನೂ ಹೊಲಿಯೋ ಐಡಿಯಾ ಬರೋದು. ಬಿರುಕಿನ ತುದಿಯಂಥ ಗಲಾಟೆ ಜಾಗದಲ್ಲಿ ಮಾತ್ರ ಪ್ರತಿ ಪರಮಾಣುವನ್ನೂ ಇಟ್ಟುಕೊಳ್ಳೋದು. ದೂರದಲ್ಲಿ ಎಲ್ಲರೂ ಪಕ್ಕದವರ ಹಾಗೇ ಸರಿಯುತ್ತಾರೆ, ಅಲ್ಲಿ ಫೈನೈಟ್ ಎಲಿಮೆಂಟ್ ಮೆಶ್ ಸಾಕು. 1996ರಲ್ಲಿ ಟ್ಯಾಡ್ಮೋರ್, ಓರ್ಟಿಜ್, ಫಿಲಿಪ್ಸ್ ಮೂವರೂ ಸೇರಿ ಕೊಟ್ಟ ಕ್ವಾಸಿಕಂಟಿನ್ಯುಅಮ್ ವಿಧಾನ ಇದೇ ದಾರಿಯದು. 1998ರಲ್ಲಿ ಅಬ್ರಹಾಂ ಮತ್ತು ಸಂಗಡಿಗರು ಸಿಲಿಕಾನ್ ಬಿರುಕಿಗೆ ಮೂರು ಪದರ ಹಾಕಿದರು: ತುದಿಯಲ್ಲಿ ಕ್ವಾಂಟಮ್, ಅದರ ಸುತ್ತ ಪರಮಾಣು, ಅದರಾಚೆ ಮೆಶ್.

ನಮಗೆ ತುಂಬಾ ಇಷ್ಟವಾದ ಭಾಗ ಅಂದ್ರೆ ಮೆಶ್‌ಗೆ ಗುಣ ಎಲ್ಲಿಂದ ಬರುತ್ತೆ ಅನ್ನೋದು. ನಾವೆಲ್ಲ ಡೇಟಾ ಹ್ಯಾಂಡ್‌ಬುಕ್ ತೆಗೆದು ಯಂಗ್ಸ್ ಮಾಡ್ಯುಲಸ್ ಹಾಕ್ತೀವಿ ತಾನೇ? ಇಲ್ಲಿ ಅದು ಬೇಡ. ಎಲಿಮೆಂಟ್ ಎಷ್ಟು ಹಿಗ್ಗಿದೆಯೋ ಅದರೊಳಗಿನ ಕ್ರಿಸ್ಟಲ್ಲೂ ಅಷ್ಟೇ ಸಮವಾಗಿ ಹಿಗ್ಗಿದೆ ಅಂತ ಇಟ್ಟುಕೊಂಡು, ಒಂದೇ ಒಂದು ಯೂನಿಟ್ ಸೆಲ್ ಅನ್ನು ಅಷ್ಟು ಎಳೆದು, ಪರಮಾಣುಗಳ ನಡುವಿನ ಪೊಟೆನ್ಷಿಯಲ್‌ನಿಂದ ಎನರ್ಜಿ ಲೆಕ್ಕ ಹಾಕಿದ್ರೆ ಆಯ್ತು. ಇದಕ್ಕೆ ಕೋಶಿ-ಬಾರ್ನ್ ನಿಯಮ ಅಂತ ಹೆಸರು. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡ್ತಾರಲ್ಲ, ಹಾಗೆ. ಇಡೀ ಪಾತ್ರೆ ಒಂದೇ ಸಮ ಬೆಂದಿದ್ರೆ ಮಾತ್ರ ಇದು ಸರಿ. ಬಿರುಕಿನ ತುದಿಯಲ್ಲಿ ಒಂದು ಅಗುಳಿಗೂ ಇನ್ನೊಂದಕ್ಕೂ ಸಂಬಂಧ ಇರಲ್ಲ, ಅದಕ್ಕೇ ಅಲ್ಲಿ ಈ ನಿಯಮ ಬಿಡಬೇಕು.

ನಾವು ಮಾಡಿದ್ದು ಇದರ ಅತಿ ಸಣ್ಣ ರೂಪ. ಪೈಥಾನ್‌ನಲ್ಲಿ 40 ಪರಮಾಣುಗಳ ಒಂದು ಸಾಲು. ಪ್ರತಿಯೊಂದೂ ಪಕ್ಕದವನ ಜೊತೆ ಮತ್ತು ಅವನಾಚೆಯವನ ಜೊತೆ ಲೆನಾರ್ಡ್-ಜೋನ್ಸ್ ಪೊಟೆನ್ಷಿಯಲ್‌ನಲ್ಲಿ ಮಾತಾಡುತ್ತೆ. 1ರಿಂದ 20 ನಿಜವಾದ ಪರಮಾಣುಗಳು, 21ರಿಂದಾಚೆ ಕೋಶಿ-ಬಾರ್ನ್ ಎಲಿಮೆಂಟುಗಳು. ಎಡ ತುದಿಯ ಎರಡನ್ನು ಗೋಡೆಗೆ ಕಟ್ಟಿದ್ವಿ, ಬಲ ತುದಿ ಎಳೆಯೋದು. ಮೊದಲು ಸುಮ್ಮನೆ ಏನೂ ಎಳೆಯದೆ ಓಡಿಸಿದ್ವಿ. ಎಲ್ಲಾ ಸೊನ್ನೆ ಬರಬೇಕಿತ್ತು.

ಬರಲಿಲ್ಲ. 19 ಎಡಕ್ಕೆ, 20 ಮತ್ತು 21 ಬಲಕ್ಕೆ, 22 ಮತ್ತೆ ಎಡಕ್ಕೆ ಎಳೆಸಿಕೊಳ್ತಾ ಇದ್ವು. ನಾಲ್ಕಕ್ಕೂ ಬಲ ಒಂದೇ ಅಳತೆ, ಕೂಡಿಸಿದ್ರೆ ಸೊನ್ನೆ. ಆದ್ರೂ 19 ಮತ್ತು 20ರ ನಡುವೆ ಅಂತರ ಹಿಗ್ಗಿತ್ತು, 21 ಮತ್ತು 22ರ ನಡುವೆ ಕುಗ್ಗಿತ್ತು. ಯಾರೂ ಮುಟ್ಟದ ಸಾಲು ತಾನೇ ಸೊಟ್ಟ ಆಗಿತ್ತು. ಮೈನಸ್ ಗುರುತು ತಪ್ಪಿರಬೇಕು ಅಂತ ಮೂರು ರಾತ್ರಿ ಕೋಡ್ ಹುಡುಕಿದ್ವಿ. ನಮ್ಮಲ್ಲೊಬ್ಬ, "ಬಿಡ್ರೋ, ಎಳೆದ ಮೇಲಿನ ಪ್ಲಾಟ್ ಮಾತ್ರ ತೋರ್ಸೋಣ, ಅದರಲ್ಲಿ ಇದು ಕಾಣೋದೇ ಇಲ್ಲ" ಅಂದ. ನಿಜ, ಕಾಣ್ತಿರಲಿಲ್ಲ. ಪಿಪಿಟಿಯಲ್ಲಿ ಆ ಪ್ಲಾಟ್ ಹಾಕಿಯೂ ಆಗಿತ್ತು. ಭಾನುವಾರ ಬೆಳಿಗ್ಗೆ ಗೈಡ್ ಮೇಡಂಗೆ ಸುಳ್ಳು ಹೇಳಕ್ಕಾಗದೆ ಎರಡೂ ಪ್ಲಾಟ್ ಕಳಿಸಿದ್ವಿ. ಅವರು ವಾಪಸ್ ಕಳಿಸಿದ್ದು ಎರಡೇ ಪದ: ಘೋಸ್ಟ್ ಫೋರ್ಸ್.

ಅಂದ್ರೆ ಇದು ನಮ್ಮ ಟೈಪಿಂಗ್ ತಪ್ಪಲ್ಲ, ವಿಧಾನದ ಜೊತೆಗೇ ಹುಟ್ಟಿದ ದೋಷ, ಅದಕ್ಕೆ ಹೆಸರೂ ಇದೆ! ಕಾರಣ ತಿಳಿದ ಮೇಲೆ ನಾಚಿಕೆ ಆಗುವಷ್ಟು ಸುಲಭ. ಮದುವೆ ಮನೆಯ ಮುಯ್ಯಿ ಪುಸ್ತಕ ನೆನಪಿಸಿಕೊಳ್ಳಿ. ಎರಡು ಪರಮಾಣುಗಳ ನಡುವಿನ ಬಾಂಡ್‌ನ ಎನರ್ಜಿಯಲ್ಲಿ ಅರ್ಧ ಇವನ ಪುಸ್ತಕದಲ್ಲಿ, ಅರ್ಧ ಅವನ ಪುಸ್ತಕದಲ್ಲಿ ಬರೀತೀವಿ. 19-21 ಮತ್ತು 20-22 ಅನ್ನೋ ಎರಡು ಬಾಂಡ್‌ಗಳು ಗಡಿ ದಾಟುತ್ತವೆ. 19 ಮತ್ತು 20 ನಿಜವಾದ ಪರಮಾಣುಗಳು, ತಮ್ಮ ಅರ್ಧ ಸರಿಯಾಗಿ ಬರೆದುಕೊಂಡವು. 21 ಮತ್ತು 22 ಕೋಶಿ-ಬಾರ್ನ್ ಕಡೆಯವು, ಅವು ಎಲಿಮೆಂಟಿನ ಹಿಗ್ಗುವಿಕೆ ಬಿಟ್ಟು ಬೇರೇನೂ ನೋಡಲ್ಲ, ಗಡಿಯಾಚೆಯ ನೆಂಟನ ಹೆಸರೇ ಅವುಗಳ ಪುಸ್ತಕದಲ್ಲಿಲ್ಲ. ಹಾಗಾಗಿ ಆ ಬಾಂಡ್‌ಗಳು ಅರ್ಧ ಬಲದಲ್ಲಿ ಮಾತ್ರ ಎಳೀತವೆ.

ಅರ್ಧವಾದ್ರೆ ಏನಾಯ್ತು ಅಂತೀರಾ? ನಮ್ಮ ಸಾಲು ಸುಮ್ಮನೆ ಕೂತಿದೆ ಅನ್ನಿಸಿದ್ರೂ ಒಳಗೆ ಜಗ್ಗಾಟ ಇದ್ದೇ ಇದೆ. ಆಚೆಮನೆಯವರು ಎಳೀತಾರೆ, ಪಕ್ಕದಮನೆಯವರು ತಳ್ಳುತ್ತಾರೆ, ಎರಡೂ ಸಮ ಆಗಿ ಸೊನ್ನೆ. ಗಡಿಯಲ್ಲಿ ಎಳೆಯೋ ಕಡೆ ಮಾತ್ರ ಕಮ್ಮಿಯಾದ್ರೆ ಸಮತೋಲ ತಪ್ಪುತ್ತೆ. ಪಕ್ಕದವರ ಜೊತೆ ಮಾತ್ರ ಮಾತಾಡೋ ಸಾಲಾಗಿದ್ರೆ ದೆವ್ವ ಬರ್ತಾನೇ ಇರಲಿಲ್ಲ. ಅದನ್ನೂ ಓಡಿಸಿ ನೋಡಿದ್ವಿ, ಬರಲಿಲ್ಲ. ಆದ್ರೆ ನಿಜವಾದ ಲೋಹದಲ್ಲಿ ದೂರದ ನೆಂಟರು ಇದ್ದೇ ಇರ್ತಾರೆ.

ಪರಿಹಾರವೂ 1999ರಲ್ಲೇ ಬಂದಿತ್ತು: ಏನೂ ಎಳೆಯದಾಗ ಬರೋ ಈ ಸುಳ್ಳು ಬಲಗಳನ್ನ ಒಮ್ಮೆ ಲೆಕ್ಕ ಹಾಕಿಟ್ಟುಕೊಂಡು, ಆಮೇಲೆ ಪ್ರತಿ ಸಲ ಕಳೆದುಬಿಡೋದು. ಐದು ಸಾಲಿನ ಕೋಡ್. ಓಡಿಸಿದ್ವಿ, ದಶಮಾಂಶದ ನಂತರ ಹದಿನೈದು ಸೊನ್ನೆ. ರಾತ್ರಿ ಎರಡು ಗಂಟೆಗೆ ಕಾರಿಡಾರಿನಲ್ಲಿ ಕಿರುಚಿ ಬೈಸಿಕೊಂಡ್ವಿ. ಆದ್ರೆ ಇದು ಪೂರ್ತಿ ಮದ್ದಲ್ಲ. ಸಾಲನ್ನ ಜೋರಾಗಿ ಎಳೆದಾಗ ಬಾಂಡ್‌ಗಳ ಬಲ ಬದಲಾಗುತ್ತೆ, ನಾವು ಕಳೀತಿರೋದು ಹಳೇ ಲೆಕ್ಕ. 40ಕ್ಕೆ 40ನ್ನೂ ಪರಮಾಣು ಮಾಡಿದ ಉತ್ತರದ ಪಕ್ಕ ಇಟ್ಟು ನೋಡಿದಾಗ ಅದೇ ನಾಲ್ಕು ಜಾಗದಲ್ಲಿ ಸ್ವಲ್ಪ ವ್ಯತ್ಯಾಸ ಉಳಿದಿತ್ತು. ರಿವ್ಯೂನಲ್ಲಿ ಮೂರು ಪ್ಲಾಟೂ ತೋರಿಸಿದ್ವಿ. ಕೇಳಿದ ಪ್ರಶ್ನೆಗಳೆಲ್ಲ ಆ ಸೊಟ್ಟ ಪ್ಲಾಟಿನ ಬಗ್ಗೆಯೇ.

ಇದೆಲ್ಲ ತಣ್ಣಗೆ ಕೂತ ಸಾಲಿನ ಕಥೆ. ಬಿಸಿ ಸೇರಿಸಿದ್ರೆ ಪರಮಾಣುಗಳ ಕಡೆಯಿಂದ ಬರೋ ಸಣ್ಣ ಸಣ್ಣ ಅಲೆಗಳು ದೊಡ್ಡ ಮೆಶ್ ಒಳಗೆ ಹೋಗಕ್ಕಾಗದೆ, ಬಾವಿಯ ನೀರಿನ ಅಲೆ ಗೋಡೆಗೆ ಬಡಿದ ಹಾಗೆ ವಾಪಸ್ ಬರ್ತವೆ, ಪರಮಾಣುಗಳ ಭಾಗ ಸುಮ್ಮಸುಮ್ಮನೆ ಕಾಯುತ್ತೆ. ಈ ಸೆಮಿಸ್ಟರ್ ನಾವು ಅದಕ್ಕೆ ಕೈ ಹಾಕಿಲ್ಲ. ತ್ರಿಕೋನ ಜೋಡಣೆಯ ಎರಡು ಆಯಾಮದ ಹಾಳೆ, ಅದರಲ್ಲೊಂದು ಬಿರುಕು, ಅಷ್ಟೇ ಗುರಿ. ಮೆಶ್ ಹಾಕಿಯಾಗಿದೆ. ಏನೂ ಎಳೆಯದೆ ಒಮ್ಮೆ ಓಡಿಸೋದು ಇವತ್ತು ರಾತ್ರಿ.